ಅಲುಗದ ಒಂದು ನಿಮಿಷ

ಮನುಷ್ಯ ನಡೆಯುವಾಗ ಎಷ್ಟು ಕುಣಿಯುತ್ತಾನೆ ಎಂಬುದು ಅವನಿಗೆ ತಿಳಿದಿರುವುದಿಲ್ಲ. ತಿಳಿದಿದ್ದರೆ ಮಾನವಂತರು ಯಾರೂ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನನಗೆ ತಿಳಿದದ್ದು, ನನ್ನ ಮೋಟರ್ ಸೈಕಲ್ಲನ್ನು ಹುಬ್ಬಳ್ಳಿಯ ಒಬ್ಬ ಮದುವೆ ವಿಡಿಯೋದವನಿಗೆ ಕೊಟ್ಟು ಅದರ ಬದಲಿಗೆ ಸಿನಿಮಾ ಕ್ಯಾಮೆರಾ ತಂದ ಭಾನುವಾರ.

ಸಿನಿಮಾ ಕ್ಯಾಮೆರಾ ಎಂದರೆ ಹೆಗಲ ಮೇಲೆ ಹೊರುವಂಥದ್ದಲ್ಲ. ನಮ್ಮ ಅಡುಗೆಮನೆಯ ಚಹಾಪುಡಿ ಡಬ್ಬಿಯಷ್ಟೇ ಇದೆ. ಆದರೆ ಎಮ್ಮೆಯ ಕಣ್ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಿ ತೋರಿಸುತ್ತದೆ. ದೋಷ ಒಂದೇ. ಮೊಬೈಲುಗಳಲ್ಲಿ ಚಿತ್ರ ನಡುಗದ ಹಾಗೆ ಒಳಗೇ ಏನೋ ಒಂದು ವ್ಯವಸ್ಥೆ ಇಟ್ಟಿರುತ್ತಾರಲ್ಲ, ಅದು ಇದರಲ್ಲಿಲ್ಲ. ಹಿಡಿದವನ ಮೈ ಹೇಗೋ ಚಿತ್ರವೂ ಹಾಗೆ. ನಾನು ನಮ್ಮ ಓಣಿಯಲ್ಲಿ ನಡೆಯುತ್ತಾ ತೆಗೆದ ಮೊದಲ ಚಿತ್ರದಲ್ಲಿ ಮನೆಗಳೆಲ್ಲ ಎದ್ದು ಎದ್ದು ಕೂತವು.

ಅದನ್ನು ನೋಡಿದ ನಮ್ಮವ್ವ ಮಹಾದೇವಕ್ಕ ನನ್ನ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟಳು ಎಂದರೆ ಸುಮ್ಮನಾದಳು ಎಂದಲ್ಲ. ನನಗೆ ಹೇಳಬೇಕಾದದ್ದನ್ನೆಲ್ಲ ನನಗೆ ಕೇಳುವ ಹಾಗೆ ಎಮ್ಮೆಗೆ ಹೇಳತೊಡಗಿದಳು.

“ನೋಡವಾ ಎಮ್ಮೀ, ಓಡೂ ಗಾಡಿ ಕೊಟ್ಟು ನಡಗೂ ಡಬ್ಬಿ ತಂದಾನ. ಮುಂದಿನ ಐತವಾರದೊಳಗ ಡಬ್ಬಿ ವಾಪಸ್ ಕೊಟ್ರ ಗಾಡಿ ವಾಪಸ್ ಕೊಡ್ತೀನಿ ಅಂತ ಆ ಪುಣ್ಯಾತ್ಮ ಹೇಳ್ಯಾನಂತ. ಕೊಟ್ಟು ಬಂದ್ರ ಛಲೋ. ಇಲ್ಲಂದ್ರ ನೀನೂ ನಾನೂ ಕೂಡಿ ತವರಿಗೆ ಹೋಗೂಣು.”

ಎಮ್ಮೆ ನನ್ನ ಕಡೆ ನೋಡಿತು. ಅದಕ್ಕೂ ನನ್ನ ಮೇಲೆ ಸಂಶಯ.

ಕ್ಯಾಮೆರಾ ಉಳಿಯಲು ದಾರಿ ಒಂದೇ ಇತ್ತು. ಕುಂದಗೋಳದ ಒಂದು ಸಂಗೀತ ಮಂಡಳಿಯವರು ತಮ್ಮ ಹಿರಿಯ ಗಾಯಕರ ಮೇಲೆ ಚಿತ್ರ ತೆಗೆಸುತ್ತಿದ್ದರು. ಅದನ್ನು ತೆಗೆಯುವ ಸುಶ್ರುತ ಎಂಬವರಿಗೆ ಇನ್ನೊಬ್ಬ ಕ್ಯಾಮೆರಾದವನು ಬೇಕಾಗಿದ್ದ. ಫೋನ್ ಮಾಡಿದೆ.

“ಒಂದ ನಿಮಿಷದ ಚಿತ್ರ ಕಳಸ್ರಿ,” ಎಂದರು ಅವರು. “ನಡಕೋತ ತೆಗದಿರಬೇಕು. ನಡುವ ಕತ್ತರಿಸಿರಬಾರದು, ಅಲುಗಿರಬಾರದು. ಶನಿವಾರ ಸಂಜೀತನಕ ಟೈಮ್ ಅದ. ಛಲೋ ಬಂದಿದ್ರ ಸೋಮವಾರದಿಂದ ಕೆಲಸ ನಿಮಗ. ಮುಂದ ಮಂಡಳಿ ಕಾರ್ಯಕ್ರಮ ಎಲ್ಲಾ ನಿಮಗ.”

“ಅಲುಗಲಾರದಂಗ ಹಿಡಿಯೂ ಮಶೀನ್ ನನ್ನ ಹತ್ರ ಇಲ್ರಿ.”

“ಮೈಯನ್ನ ಮಶೀನ್ ಮಾಡ್ಕೋರಿ. ಮೊಣಕಾಲು ಬಗ್ಗಿಸ್ರಿ. ಮೊಣಕೈ ಪಕ್ಕಡಿಗೆ ಒತ್ತಿ ಹಿಡೀರಿ. ಹಿಮ್ಮಡ ಮೊದಲ ಊರಿ, ಆಮ್ಯಾಲೆ ಬೆರಳ ಊರ್ರಿ, ಒಂದು ಪಾದದ ಮುಂದ ಇನ್ನೊಂದು. ಹೆಜ್ಜಿ ಎಣಿಸಿದ್ರ ತಾಳ ತಪ್ಪೂದಿಲ್ಲ. ಕ್ಯಾಮೆರಾ ಹಗುರ ಅದಲ್ಲ, ಕೆಳಗ ಏನರೆ ವಜ್ಜಾ ಕಟ್ರಿ. ನಿಂತು ತೆಗೀಬೇಕಾದ್ರ ಅದಕ್ಕೊಂದು ದಾರ ಕಟ್ಟಿ, ಅದರ ತುದಿ ಕಾಲಾಗ ತುಳದು ಮ್ಯಾಲಕ ಜಗ್ಗಿ ಹಿಡೀರಿ. ಮತ್ತ ಅಗಲ ಕಾಣೂ ಲೆನ್ಸ್ ಹಾಕ್ರಿ, ನಡುಕ ಕಡಿಮಿ ಕಾಣ್ತದ.”

ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಬೇರೆ ಯಾವ ಊರಿನಲ್ಲಾದರೂ ಏನೂ ಇರುತ್ತಿರಲಿಲ್ಲ.

ನಮ್ಮ ಓಣಿಯ ವಿಷಯ ಹೇಳಬೇಕು. ಅಜ್ಜನ ಕಾಲಕ್ಕೆ ಇದರಲ್ಲಿ ಎರಡು ಚಕ್ಕಡಿ ಎದುರುಬದುರಾಗಿ ಹಾಯುತ್ತಿದ್ದವಂತೆ. ಈಗ ಒಂದು ಚಕ್ಕಡಿ ಬಂದರೆ ಎತ್ತುಗಳು ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು. ಮನೆ ರಿಪೇರಿ ಮಾಡಿಸಿದಾಗಲೆಲ್ಲ ಒಬ್ಬೊಬ್ಬರ ಕಟ್ಟೆ ಒಂದೊಂದು ಗೇಣು ಹೊರಗೆ ಬಂದಿದೆ. ಗಟಾರ ಕಟ್ಟುವುದಕ್ಕೆ ಓಣಿ ಅಳೆಯುತ್ತೇವೆಂದು ಪಂಚಾಯತಿಯವರು ಹೇಳಿ ಎರಡು ತಿಂಗಳಾಗಿತ್ತು. ಯಾವಾಗ, ಯಾರು ಅಳೆಯುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಇನ್ನು ನಮ್ಮ ಕಡೆ ಹೊಲದ ಬದು ಸರಿದಿದೆ ಎಂಬ ಅನುಮಾನ ಬಂದರೆ ಟೇಪು ಗೀಪು ತರುವುದಿಲ್ಲ. ಹಿಮ್ಮಡಕ್ಕೆ ಬೆರಳು ಹಚ್ಚಿ, ಪಾದದ ಮುಂದೆ ಪಾದ ಇಟ್ಟು, ಗಟ್ಟಿಯಾಗಿ ಎಣಿಸುತ್ತಾ ನಡೆಯುತ್ತಾರೆ. ಹಾಗೆ ನಡೆಯುವವನನ್ನು ಕಂಡರೆ ಪಕ್ಕದ ಹೊಲದವನು ಊಟ ಬಿಟ್ಟು ಎದ್ದು ಬರುತ್ತಾನೆ.

ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಸಿನಿಮಾದ ಭರದಲ್ಲಿ ಮರೆತಿದ್ದೆ.

ಮಂಗಳವಾರ ಮುಂಜಾನೆ ಕ್ಯಾಮೆರಾದ ಕೆಳಗೆ ಕಟ್ಟಲು ಭಾರದ್ದು ಏನಾದರೂ ಸಿಕ್ಕೀತೆಂದು ಕಿರಾಣಿ ಅಂಗಡಿಯ ಕಾಶಿನಾಥ ಕಾಕಾನ ಹತ್ತಿರ ಹೋದೆ. ಅವನ ಅಂಗಡಿಯ ಕಟ್ಟೆ ಓಣಿಯೊಳಗೆ ಎಷ್ಟು ಬಂದಿದೆಯೆಂದರೆ, ಎದುರು ಮನೆಯವರು ತಮ್ಮ ಹೊಸ್ತಿಲಲ್ಲಿ ನಿಂತೇ ಬೆಲ್ಲ ಆರಿಸಿಕೊಳ್ಳಬಹುದು.

“ಕಾಕಾ, ಹಳೇವು ಎರಡು ಕಿಲೋ ತೂಕದ ಕಲ್ಲ ಇದ್ರ ನಾಕ ದಿನ ಕೊಡ್ರಿ.”

ಕಾಶಿನಾಥ ಸಕ್ಕರೆ ತೂಗುವುದನ್ನು ನಿಲ್ಲಿಸಿದ. “ಯಾರ ಕಳಿಸ್ಯಾರ?”

“ಯಾರ ಕಳಸ್ತಾರ? ನನಗ ಬೇಕಾಗೈತಿ.”

“ನಮ್ಮ ಅಂಗಡ್ಯಾಗ ಕಲ್ಲಿಲ್ಲ. ಯಾವಾಗೂ ಇದ್ದಿಲ್ಲ. ಎಲ್ಲಾ ಕಾಯದೇಶೀರ ಕಂಪ್ಯೂಟರ ತಕ್ಕಡಿ. ಹೋಗಿ ಹೇಳು ಅವರಿಗೆ.” ಮತ್ತೆ ದನಿ ಇಳಿಸಿ, “ಬರಿಗೈಲೆ ಹೋಗಬ್ಯಾಡ ತಮ್ಮಾ. ಎರಡು ಪಾಕೀಟು ಉಪ್ಪು ಒಯ್ಯಿ. ಪುಕ್ಕಟ,” ಎಂದ.

ಕಾಶಿನಾಥ ಪುಕ್ಕಟೆ ಕೊಟ್ಟದ್ದು ಅವನ ವಂಶದಲ್ಲೇ ಅದು ಮೊದಲು. ಆಗಲೇ ನಾನು ಎಚ್ಚರಗೊಳ್ಳಬೇಕಾಗಿತ್ತು. ನಾನಾದರೋ ಉಪ್ಪಿನ ಪಾಕೀಟುಗಳನ್ನು ಕ್ಯಾಮೆರಾಕ್ಕೆ ಜೋತುಬಿಟ್ಟು, ಮೊಣಕಾಲು ಬಗ್ಗಿಸಿ, ಓಣಿಯ ಈ ತುದಿಯಿಂದ ಆ ತುದಿಗೆ ಹೊರಟೆ. ಒಂದು, ಎರಡು, ಮೂರು. ಕಾಶಿನಾಥನ ಕಟ್ಟೆಯ ಮುಂದೆ ನಿಂತು ದಾರ ಕೆಳಗೆ ಬಿಟ್ಟು ತುಳಿದು ಬಿಗಿದೆ. ಗೌಂಡಿಗಳು ಗೋಡೆ ನೆಟ್ಟಗಿದೆಯೇ ಎಂದು ಗುಂಡು ಬಿಟ್ಟು ನೋಡುವುದು ಕೂಡ ಥೇಟ್ ಹೀಗೆಯೇ. ನಾನು ಹಾಯ್ದು ಮುಂದೆ ಹೋದಂತೆ ಹಿಂದೆ ಒಂದೊಂದೇ ಬಾಗಿಲು ತೆರೆದವು. ಯಾರೂ ಮಾತಾಡಲಿಲ್ಲ. ನಮ್ಮ ಓಣಿಯವರು ಸುಮ್ಮನಿದ್ದಾರೆಂದರೆ ಏನೋ ನಡೆದಿದೆ ಎಂದರ್ಥ.

ಮರುದಿನ ನಿವೃತ್ತ ಮಾಸ್ತರರಾದ ಕೃಷ್ಣಾಜಿಯವರು ತಮ್ಮ ಮನೆಯ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ನನ್ನ ದಾರಿ ಕಾಯುತ್ತಿದ್ದರು. ಆ ಮೆಟ್ಟಿಲುಗಳು ಹೊಸವು. ಮನೆಗಿಂತ ಓಣಿಯಲ್ಲೇ ಹೆಚ್ಚಿವೆ. ಎಂಟನೆಯ ಇಯತ್ತೆಯಲ್ಲಿ ನನ್ನ ಕಿವಿ ಹಿಡಿದು ಹೊರಗೆ ಹಾಕಿದವರು ಇವರೇ. ಹಾಕಿದ ಮೇಲೆ ನಾನು ಒಳಗೆ ಹೋಗಲಿಲ್ಲ, ಅದು ಬೇರೆ ಮಾತು.

“ಬಾರಪಾ ಸಂಗನಬಸವ. ಆವಾಗ ನಿನಗ ಫೂಟು, ಇಂಚು ಬರ್ತಿದ್ದಿಲ್ಲ. ಈಗ ಬರ್ತಾವೇನು?”

“ಸರ್, ನಾ ಅಳಿಯಾಕತ್ತಿಲ್ರಿ.”

“ನಿನ್ನೆ ನನ್ನ ಮೆಟ್ಟಲ ಮುಂದ ಹದಿನೇಳು ಅಂದಿ. ನಾ ಕಿವಿಯಾರೆ ಕೇಳೀನಿ.”

“ಅದು ಹೆಜ್ಜಿರಿ ಸರ್. ಚಿತ್ರ ಅಲುಗಬಾರದಂತ ಎಣಸೂದು.”

“ಹದಿನೇಳು ತಪ್ಪದ. ನಾನೂ ಎಣಿಸೀನಿ. ಹದಿಮೂರ ಆಗ್ತದ. ನಿನ್ನ ಪಾದ ಸಣ್ಣವು.” ಕೃಷ್ಣಾಜಿಯವರು ಸುತ್ತ ನೋಡಿ ಮುಂದಕ್ಕೆ ಬಾಗಿದರು. “ನಂದಿರ್ಲಿ. ಕಾಶಿನಾಥನ ತಗಡ ನೋಡೀಯಿಲ್ಲೊ? ಕೆಳಗಿನ ಕಟ್ಟಿ ಅಷ್ಟ ಅಳದ್ರ ಆಗೂದಿಲ್ಲ. ಮ್ಯಾಲಿನ ತಗಡು ಒಂದೂವರಿ ಫೂಟ ಹೆಚ್ಚಿಗಿ ಅದ. ಬರ್ಕೋ.”

“ನಾ ಬರಿಯಾಕತ್ತಿಲ್ರಿ!”

“ಬಾಯಿಪಾಠ ಮಾಡ್ಕೊತಿಯೇನು? ಸಾಲ್ಯಾಗ ಈ ಬುದ್ಧಿ ಇದ್ದಿದ್ರ!”

ಮನೆಗೆ ಬಂದರೆ ಎದುರುಮನೆಯ ಜುಲೇಖಾಬಿ ತಟ್ಟೆಯ ತುಂಬ ಮಿರ್ಚಿ ಭಜಿ ಮಾಡಿಕೊಂಡು ಅವ್ವನ ಹತ್ತಿರ ಕೂತಿದ್ದಳು. ನನ್ನನ್ನು ಕಂಡು ಕಣ್ಣಿಗೆ ಸೆರಗು ಹಚ್ಚಿದಳು.

“ಬೇಟಾ, ನನ್ನ ಬಚ್ಚಲಾ ಒಂದ ಬಿಟ್ಟಬಿಡು. ಅದು ನಾ ಲಗ್ನಾಗಿ ಬರೂಕಿಂತ ಮೊದಲಿಂದು. ಬಚ್ಚಲಾ ಮೊದಲ ಇತ್ತು, ಓಣಿ ಆಮ್ಯಾಲೆ ಬಂತು.”

ನಾನು ಆದಷ್ಟು ಸಮಾಧಾನದಿಂದ ಕ್ಯಾಮೆರಾ, ನಡುಕ, ಮೊಣಕಾಲು, ಉಪ್ಪು, ಕುಂದಗೋಳ ಎಲ್ಲವನ್ನೂ ಬಿಡಿಸಿ ಹೇಳಿದೆ. ಜುಲೇಖಾಬಿ ಕೊನೆಯತನಕ ಕೇಳಿ ಅವ್ವನ ಕಡೆ ತಿರುಗಿದಳು. “ಎಷ್ಟ ಛಲೋ ಕಲಿಸಿ ಕಳಿಸ್ಯಾರ ನೋಡು ಅಕ್ಕಾ. ಒಂದ ಮಾತರೆ ತಪ್ಪಿತೇನು?”

ಅವ್ವ ಭಜಿ ಮುರಿಯುತ್ತಾ ಎಮ್ಮೆಗೆ ಹೇಳಿದಳು: “ಹೆತ್ತಾಕಿಗೂ ಹೇಳಲಾರದ ನೌಕರಿ ಹಿಡದಾನ ನೋಡವಾ.”

ಗುರುವಾರ ಪಂಚಾಯತಿಯಿಂದ ಕರೆ ಬಂತು. ಪಿಡಿಓ ಗೌತಮಿ ಮೇಡಂ ಮುಂದೆ ಒಂಬತ್ತು ಅರ್ಜಿಗಳಿದ್ದವು. ಎಲ್ಲ ಅರ್ಜಿಯ ಮೊದಲ ಸಾಲೂ ಒಂದೇ: ಅಳತೆ ನ್ಯಾಯವಾಗಿ ನಡೆಯುತ್ತಿಲ್ಲ. ಎರಡನೆಯ ಸಾಲಿನಲ್ಲಿ ಪಕ್ಕದ ಮನೆಯವರ ಕಟ್ಟೆ ಎಷ್ಟು ಹೊರಗಿದೆ ಎಂಬ ವಿವರ.

“ಕೂಡ್ರಿ,” ಎಂದರು ಮೇಡಂ. ಆ ಆಫೀಸಿನಲ್ಲಿ ನನಗೆ ಕುರ್ಚಿ ಕೊಟ್ಟದ್ದು ಅದೇ ಮೊದಲು. “ನನಗ ತಿಳಿಸಲಾರದ ನಿಮ್ಮನ್ನ ಅಳತಿಗೆ ಹಚ್ಚಿದವರ್ಯಾರು? ತಾಲೂಕಿನವರೋ, ಜಿಲ್ಲಾದವರೋ?”

“ಯಾರೂ ಅಲ್ರಿ ಮೇಡಂ. ನಾ ನಡಿಯೂದ ಕಲಿಯಾಕತ್ತೇನಿ.”

ಮೇಡಂ ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

“ಇಪ್ಪತ್ನಾಕ ವರ್ಷದ ಗಂಡಸು ನಡಿಯೂದ ಕಲಿಯಾಕತ್ತಾನ. ಇದನ್ನ ಹಿಂಗ ಮ್ಯಾಲಿನವರಿಗೆ ಬರದು ಹಾಕ್ಲ್ಯಾ?”

ನನಗೆ ತಲೆ ಕೆಟ್ಟಿತು. ನಿಜ ಹೇಳಿ ಹೇಳಿ ಬಾಯಿ ಒಣಗಿದವನಿಗೆ ಬರುವ ಸಿಟ್ಟು ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಎಂದೂ ಬರುವುದಿಲ್ಲ. ಟೇಬಲ್ ಗುದ್ದಿದೆ. “ಬರೀರಿ! ಯಾರಿಗೆ ಬೇಕಾದ್ರೂ ಬರೀರಿ! ನನಗ ಯಾರ ಅಂಜಿಕಿ ಇಲ್ಲ!”

ಮೇಡಂ ಎದ್ದು ನಿಂತರು. ಗುಮಾಸ್ತನೂ ಎದ್ದು ನಿಂತ.

“ಇಷ್ಟ ಧೈರ್ಯದಲೆ ಮಾತಾಡ್ತಾರಂದ್ರ,” ಎಂದರು ಅವರು ಮೆಲ್ಲಗೆ, “ಹಿಂದ ಯಾರೋ ಅಗದಿ ದೊಡ್ಡವರ ಇದ್ದಾರ. ಇವರಿಗೆ ಚಾ ಹೇಳಪಾ.”

ಶುಕ್ರವಾರ ನಾನು ಕೊನೆಯ ಉಪಾಯ ಮಾಡಿದೆ. ಅಲ್ಲಿಯತನಕ ತೆಗೆದದ್ದನ್ನೆಲ್ಲ ಓಣಿಯವರಿಗೆ ತೋರಿಸಿಬಿಡುವುದು. ಚಿತ್ರ ಇನ್ನೂ ನಡುಗುತ್ತಿತ್ತು. ನಾಲ್ಕು ದಿನದ ಸಾಧನೆಯಿಂದ ಭೂಕಂಪ ಹೋಗಿ ಚಳಿಜ್ವರ ಉಳಿದಿತ್ತು, ಅಷ್ಟೇ. ಆದರೂ ಕಣ್ಣಾರೆ ನೋಡಿದ ಮೇಲೆ ನಂಬಲೇಬೇಕಲ್ಲ ಎಂದುಕೊಂಡೆ. ಅಗಲ ಕಾಣುವ ಲೆನ್ಸಿಗೆ ಒಂದು ಕೆಟ್ಟ ಚಟವಿದೆ. ಹತ್ತಿರವಿದ್ದದ್ದನ್ನು ಅದು ಹಿಗ್ಗಿಸಿ, ಮುಂದೆ ಚಾಚಿ ತೋರಿಸುತ್ತದೆ. ಕಾಶಿನಾಥನ ಕಟ್ಟೆ ರೈಲ್ವೆ ಪ್ಲಾಟ್‌ಫಾರ್ಮಿನ ಹಾಗೆ ಬಂತು. ಮಾಸ್ತರರ ಮೆಟ್ಟಿಲು ಕೆರೆಗೆ ಇಳಿಯುವ ಹಾಗಿತ್ತು. ಜುಲೇಖಾಬಿಯ ಬಚ್ಚಲಿನ ಗೋಡೆ ಓಣಿ ದಾಟಿ ನಮ್ಮ ಎಮ್ಮೆಯನ್ನು ಮುಟ್ಟುತ್ತಿತ್ತು.

“ಮೋಸ!” ಎಂದು ಕಾಶಿನಾಥ ಕೂಗಿದ. “ಮೂರ ಫೂಟಿನ ಕಟ್ಟೀನ ಹದಿನೈದು ಫೂಟ ಮಾಡ್ಯಾನ!”

“ಮೂರು ಅಂತ ಒಪ್ಪಿದಿ,” ಎಂದರು ಕೃಷ್ಣಾಜಿ. “ನಾಕು ಮಂದಿ ಮುಂದ ಒಪ್ಪಿದಿ.”

ಆ ಸಂಜೆ ಅವರಿಬ್ಬರೂ ಕೂಡಿ ಪರಸ್ಪರ ಬೈದುಕೊಂಡದ್ದನ್ನು ಬರೆದರೆ ಈ ಕತೆಗೆ ಜಾಗ ಸಾಲುವುದಿಲ್ಲ. ಬೈಗುಳ ಮುಗಿದ ಮೇಲೆ ಇಬ್ಬರೂ ನನ್ನ ವಿರುದ್ಧ ಒಂದಾದರು.

ಶನಿವಾರ. ಸಂಜೆಯೊಳಗೆ ಚಿತ್ರ ಹೋಗಬೇಕು. ನಾಲ್ಕು ಗಂಟೆಗೆ ಬಿಸಿಲು ವಾರೆಯಾಗಿ ಓಣಿ ಹೊನ್ನಿನ ಬಣ್ಣಕ್ಕೆ ತಿರುಗಿತು. ಕ್ಯಾಮೆರಾ ಚಾಲೂ ಮಾಡಿ, ಉಪ್ಪು ಜೋತುಬಿಟ್ಟು, ಮೊಣಕಾಲು ಬಗ್ಗಿಸಿ ಹೊರಬಿದ್ದೆ. ಒಂದು, ಎರಡು. ಮೂರನೆಯದಕ್ಕೆ ಜಾಗವಿರಲಿಲ್ಲ. ಇಡೀ ಓಣಿ ಅಡ್ಡ ನಿಂತಿತ್ತು.

“ಬಾ, ಪಂಚಾಯತಿಗೆ ನಡಿ,” ಎಂದ ಕಾಶಿನಾಥ. “ಇವತ್ತ ಇತ್ಯರ್ಥ ಆಗ್ಲಿ. ಯಾರ ಮನಶ್ಯಾ ನೀನು?”

“ನಾ ಬರೂದಿಲ್ಲ. ಬಾಜೂಕ ಸರೀರಿ. ಬಿಸಲ ಹೋಗತೈತಿ.”

“ಬಿಸಲಿನ ಲೆಕ್ಕನೂ ಇಟ್ಟಾನ!” ಎಂದು ಹಿಂದಿನಿಂದ ಯಾರೋ ಅಂದರು.

ಅಷ್ಟರಲ್ಲಿ ಹೊಳೆಪ್ಪ ಬಂದ. ಹೊಳೆಪ್ಪ ಗುಡಗೇರಿಯ ಕಾಳಿನ ಅಂಗಡಿಗಳಲ್ಲಿ ಹಮಾಲಿ ಮಾಡುತ್ತಾನೆ. ಕ್ವಿಂಟಲ್ ಚೀಲ ಹೊತ್ತು ಗೇಣಗಲದ ಹಲಗೆಯ ಮೇಲೆ ನಡೆದು ಲಾರಿ ಏರುವ ಆಳು. ಇಡೀ ಓಣಿಯಲ್ಲಿ ಕಟ್ಟೆ ಹೊರಗೆ ತರದವನು ಇವನೊಬ್ಬನೇ. ಆದ್ದರಿಂದ ಓಣಿಯವರಿಗೆ ಎಲ್ಲರಿಗಿಂತ ಹೆಚ್ಚು ಸಂಶಯ ಇವನ ಮೇಲೆಯೇ. ಹೊರಗೆ ಬರದವನು ಒಳಗೇನು ಮಾಡಿದ್ದಾನೋ ಎಂದು.

“ಹೊಳೆಪ್ಪಾ, ಇವನ್ನ ಎತ್ತು,” ಎಂದ ಕಾಶಿನಾಥ.

ಹೊಳೆಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಎಲ್ಲಿ ಇಳಸ್ಲಿ?”

“ಪಂಚಾಯತಿ ಮುಂದ.”

ಮತ್ತೆ ಪ್ರಶ್ನೆ ಕೇಳಲಿಲ್ಲ. ನನ್ನ ಸೊಂಟಕ್ಕೆ ಕೈ ಹಾಕಿ ಹೆಗಲ ಮೇಲೆ ಹಾಕಿಕೊಂಡು ಹೊರಟೇಬಿಟ್ಟ. ನನ್ನ ಕಾಲು ಅವನ ಎದೆಯ ಕಡೆ, ತಲೆ ಬೆನ್ನ ಕಡೆ. ಸಿಟ್ಟಿಗೆ ನನ್ನ ಮೈಯೆಲ್ಲ ಸೆಟೆದು ಕಟ್ಟಿಗೆಯಾಯಿತು. ಕ್ಯಾಮೆರಾ ಬಿದ್ದೀತೆಂದು ಮೊಣಕೈಗಳನ್ನು ಅವನ ಬೆನ್ನಿಗೆ ಊರಿ ಹಿಡಿದುಕೊಂಡೆ. ಹಿಂದಿನಿಂದ ಓಣಿಯೇ ಬಂತು. ಮುಂದೆ ಕಾಶಿನಾಥ, ಅವನ ಬಾಜು ಅರ್ಜಿ ಹಿಡಿದ ಮಾಸ್ತರರು, ಅವರ ಹಿಂದೆ ಜುಲೇಖಾಬಿ, ಎಲ್ಲರ ಹಿಂದೆ ಎಮ್ಮೆಯ ಹಗ್ಗ ಹಿಡಿದುಕೊಂಡ ನಮ್ಮವ್ವ. ಒಬ್ಬೊಬ್ಬರದೂ ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಪಕ್ಕದವರ ಮೇಲೆ.

ಪಂಚಾಯತಿಗೆ ಬೀಗ ಹಾಕಿತ್ತು. ಅಂದು ಎರಡನೆಯ ಶನಿವಾರ.

“ಬೀಗ ಐತಿ. ಎಲ್ಲಿ ಇಳಸ್ಲಿ?” ಎಂದ ಹೊಳೆಪ್ಪ. ಕಾಶಿನಾಥ ಬೀಗವನ್ನೇ ಜಗ್ಗುತ್ತಿದ್ದ. ಹೇಳಿದ ಜಾಗ ಬಿಟ್ಟು ಬೇರೆ ಕಡೆ ಮಾಲು ಇಳಿಸುವ ಪದ್ಧತಿ ಅವನಲ್ಲಿಲ್ಲ. ವಾಪಸ್ ಹೊತ್ತುಕೊಂಡು ಬಂದು, ಎತ್ತಿದ ಜಾಗದಲ್ಲೇ ಇಳಿಸಿ ಮನೆಗೆ ಹೋದ.

ಕ್ಯಾಮೆರಾ ಇನ್ನೂ ಓಡುತ್ತಿತ್ತು. ಒಳಗೆ ಹೋಗಿ ನೋಡಿದೆ. ಅಲುಗಾಟವೇ ಇಲ್ಲ! ಓಣಿ ನೀರಿನ ಮೇಲೆ ತೇಲಿದಂತೆ ಹಿಂದೆ ಸರಿಯುತ್ತಿದೆ, ಅದರ ನಡುವೆ ಆ ಮುಖಗಳು ತೇಲಿ ಬರುತ್ತಿವೆ. ಒಂದು ನಿಮಿಷದ ತುಂಡು ಕಳಿಸಿಬಿಟ್ಟೆ. ಹತ್ತು ನಿಮಿಷಕ್ಕೆ ಸುಶ್ರುತರ ಫೋನು.

“ಮಶೀನ್ ಇಲ್ಲ ಅಂದಿದ್ರಲ್ರೀ! ಯಾವುದಿದು?”

“ಹೊಳೆಪ್ಪ ಅಂತರಿ.”

“ಕೇಳಿದ್ದಿಲ್ಲ ನೋಡ್ರಿ. ಎಷ್ಟ ಭಾರ ತಡೀತದ?”

“ಕ್ವಿಂಟಲ್ ತಡೀತೈತ್ರಿ.”

“ಕ್ವಿಂಟಲ್! ಬ್ಯಾಟ್ರಿ?”

“ಹೊಟ್ಟಿ ತುಂಬ ಉಂಡ್ರ ಸಂಜೀತನಕ ಬರತೈತ್ರಿ.”

ಸುಶ್ರುತರು ಗಟ್ಟಿಯಾಗಿ ನಕ್ಕರು. ಆಮೇಲೆ, “ಸೋಮವಾರ ಕರ್ಕೊಂಡ ಬರ್ರಿ,” ಎಂದರು.

ಭಾನುವಾರ ನಾನು ಹುಬ್ಬಳ್ಳಿಗೆ ಹೋಗಲಿಲ್ಲ. ಗಾಡಿಯ ಆಸೆ ಅಲ್ಲಿಗೆ ಮುಗಿಯಿತು. ಕುಂದಗೋಳದ ಕೆಲಸವೂ ತಪ್ಪಿದರೆ ಉಳಿಯುವುದು ನಾನು, ನಡುಗುವ ಡಬ್ಬಿ, ಎಮ್ಮೆಯ ಖಾಲಿ ಗೂಟ. ಅವ್ವ ಆಗಲೇ ಸೀರೆ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. “ಸೋಮವಾರದ್ದೊಂದು ನೋಡಿ ಹೋಗೂಣವಾ,” ಎಂದು ಎಮ್ಮೆಗೆ ಹೇಳಿದಳು. ಮೂರು ದಿನದ ಪಗಾರ ಕೊಡುತ್ತೇನೆ, ಕುಂದಗೋಳಕ್ಕೆ ಬಾ ಎಂದು ಹೊಳೆಪ್ಪನನ್ನು ಕರೆದಾಗ ಅವನೂ ಕಣ್ಣು ಕಿರಿದು ಮಾಡಿದ.

“ಒಂದ ಚೀಲಾ ಹೊರಾಕ ಮೂರ ದಿನದ ಪಗಾರ? ಇದರಾಗ ಏನೋ ಐತಿ. ಏನೈತಿ ಅಂತ ನೋಡಾಕರೆ ಬರತೇನಿ.”

ನಾವಿಬ್ಬರೂ ಸೋಮವಾರ ಕುಂದಗೋಳದ ಬಸ್ಸು ಹತ್ತುವುದನ್ನು ಕಾಶಿನಾಥ ಅಂಗಡಿಯಿಂದ ನೋಡುತ್ತಿದ್ದ. ಕುಂದಗೋಳದಲ್ಲಿ ತಾಲೂಕು ಕಚೇರಿ ಇರುವುದು ನನಗೆ ಆಗ ನೆನಪಾಗಲಿಲ್ಲ.

ಮಂಡಳಿಯ ಹಳೆಯ ವಾಡೆಯ ಉದ್ದನೆಯ ಪಡಸಾಲೆಯಲ್ಲಿ ಹಿರಿಯರು ತಂಬೂರಿ ಶ್ರುತಿ ಮಾಡುತ್ತಾ ಕೂತಿದ್ದರು. ಅವರ ನಡುವಿನಿಂದ ಕ್ಯಾಮೆರಾ ತೇಲಿ ಹೋಗಬೇಕು. ಸುಶ್ರುತರು ನನ್ನ ಕಡೆ ನೋಡಲೇ ಇಲ್ಲ. ಹೊಳೆಪ್ಪನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅವನ ಹೆಗಲು ಒತ್ತಿ ನೋಡಿ ನಕ್ಕರು.

“ಇಷ್ಟ ಛಲೋ ಮನಶ್ಯಾ ಇದ್ದ ಮ್ಯಾಲೆ ಇನ್ನೊಬ್ಬ ಕ್ಯಾಮೆರಾದಾಂವ ಯಾಕ? ನಾನ ಏರ್ತೀನಿ.”

ನನ್ನ ಕಾಲಿನ ಕೆಳಗೆ ಪಡಸಾಲೆಯೇ ಸರಿಯಿತು. ಹೊಳೆಪ್ಪ ಅವರನ್ನು ಎತ್ತಿಕೊಂಡು ಆ ತುದಿಗೆ ಹೋಗಿ ಬಂದ. ನೋಡಿದರೆ ಚಿತ್ರದಲ್ಲಿ ತಂಬೂರಿಗಳು ಕುಣಿಯುತ್ತಿದ್ದವು.

“ನೀವು ಸಡಲ ಚೀಲಾ ಅದೀರಿ,” ಎಂದ ಹೊಳೆಪ್ಪ, ಅವರನ್ನು ಇಳಿಸುತ್ತಾ. “ಒಳಗ ಕಾಳು ಹೊಳ್ಳಾಡ್ತಾವು. ನಮ್ಮಾಂವ ಬಿಗದು ತುಂಬಿದ ಚೀಲಾ, ಮಿಸುಕೂದಿಲ್ಲ.”

ಜೀವ ಬಂತು. ಆದರೆ ನನ್ನನ್ನು ಎತ್ತಿ ನಾಲ್ಕು ಹೆಜ್ಜೆ ಹೋದವನು ಅರ್ಧಕ್ಕೇ ಇಳಿಸಿಬಿಟ್ಟ.

“ಇವತ್ತ ನೀನೂ ಸಡಲ ಆಗೀಯಲ್ಲೋ. ಅಂಜೀಯೇನು? ಶನಿವಾರ ಸಿಟ್ಟಿಲೆ ಕಲ್ಲಾಗಿದ್ದಿ.”

“ಹಂಗಾರ ಸಿಟ್ಟ ಮಾಡ್ಕೋರಿ!” ಎಂದರು ಸುಶ್ರುತರು, ಕೈಗಡಿಯಾರ ನೋಡುತ್ತಾ. “ಐದು ನಿಮಿಷ ಕಾಯ್ತೀನಿ. ಇಲ್ಲಂದ್ರ ಬ್ಯಾರೆ ಯಾರನ್ನರೆ ಕರಸ್ತೀನಿ.”

ಸಿಟ್ಟಾಗಲು ನೋಡಿದೆ. ಇಪ್ಪತ್ನಾಲ್ಕು ವರ್ಷ ಕೇಳದೆ ಬಂದದ್ದು ಕರೆದಾಗ ಬರಲಿಲ್ಲ. ಮಾಸ್ತರರನ್ನು ನೆನೆದೆ, ಪಿಡಿಓ ಮೇಡಂ ಕೊಟ್ಟ ಚಹಾ ನೆನೆದೆ. ಮೊಣಕಾಲು ಮಾತ್ರ ಗಡಗಡ ನಡುಗುತ್ತಿತ್ತು. ಹಿರಿಯರು ತಂಬೂರಿ ಕೆಳಗಿಟ್ಟು ಕರುಣೆಯಿಂದ ನೋಡತೊಡಗಿದರು. ನಾಲ್ಕು ನಿಮಿಷ ಆಗಿಹೋಯಿತು.

ಆಗ ನನ್ನ ಮೊಬೈಲು ರಿಂಗಾಯಿತು. ಕಾಶಿನಾಥ.

“ತಮ್ಮಾ, ತಾಲೂಕದಾಗ ಯಾವ ಸಾಹೇಬನ ಮುಂದ ಕುಂತೀದಿ? ಹೊಳೆಪ್ಪನ್ನ ಸಾಕ್ಷಿಗೆ ಒಯ್ದೀದಿ, ಎಲ್ಲಾ ಗೊತ್ತೈತಿ ನನಗ. ನಂದು ಎಷ್ಟ ಫೂಟ ಬರಸಿದಿ?”

“ಕಾಕಾ, ನಾ ಹಾಡೂವರ ಚಿತ್ರ ತೆಗಿಯಾಕ ಬಂದೇನಿ.”

“ಮತ್ತ ಅದನ್ನ ಹೇಳ್ತಿ! ಹೋಗ್ಲಿ, ಹೇಳಬ್ಯಾಡ. ಆದರ ಮಾಸ್ತರಂದು ನಂದಕಿಂತ ಒಂದ ಇಂಚು ಕಡಿಮಿ ಬರಸೀದಿ ಅಂದ್ರ ನೋಡು! ಮತ್ತ ಆ ಎರಡು ಪಾಕೀಟು ಉಪ್ಪಿನ ಋಣಾನೂ...”

ನನ್ನ ಹಿಮ್ಮಡದಿಂದ ಏನೋ ಮೇಲೆ ಏರಿ ಬಂತು. ಮೊಣಕಾಲು ನಿಂತಿತು, ಸೊಂಟ ನಿಂತಿತು, ಹಲ್ಲು ಕಚ್ಚಿಕೊಂಡವು. ಹೊಳೆಪ್ಪ ಒಂದು ಬೆರಳಿನಿಂದ ನನ್ನ ಪಕ್ಕೆಲುಬು ಒತ್ತಿ ನೋಡಿದ.

“ಬಿಗೀತ್ರಿ,” ಎಂದು ಸುಶ್ರುತರಿಗೆ ಹೇಳಿ ನನ್ನನ್ನು ಹೆಗಲಿಗೇರಿಸಿದ. “ತಂಬೂರಿ ಹಚ್ಚಾಕ ಹೇಳ್ರಿ. ಮತ್ತ ಇವನ ಫೋನ್ ಬಂದ್ ಮಾಡಬ್ಯಾಡ್ರಿ, ಕಾಶಿನಾಥ ಕಾಕಾ ಮಾತಾಡ್ತಿರ್ಲಿ.”